ಬಾಟಲಿಯ ನೀರು ಹಾಗೇ ಮನೆಗೆ ಬಂದಾಗ

ಶಾಲೆಗೆ ಹೊರಡುವ ಮಗುವಿನ ಚೀಲದಲ್ಲಿ ಊಟದ ಡಬ್ಬಿಯ ಜೊತೆಗೆ ನೀರಿನ ಬಾಟಲಿಯನ್ನೂ ಇಡುವುದು ಎಲ್ಲ ತಾಯಂದಿರ ವಾಡಿಕೆ. ಸಂಜೆ ಮಗು ಮನೆಗೆ ಬಂದ ಕೂಡಲೇ ಡಬ್ಬಿ ತೆರೆದು ನೋಡುವುದೂ ವಾಡಿಕೆಯೇ. ಚಪಾತಿ ಮಿಕ್ಕಿದ್ದರೆ 'ಯಾಕೋ ತಿಂದಿಲ್ಲ?' ಎಂಬ ಗದರಿಕೆ ಗ್ಯಾರಂಟಿ. ಆದರೆ ಬಾಟಲಿಯಲ್ಲಿ ನೀರು ಮಿಕ್ಕಿದ್ದರೆ? ಅದನ್ನು ತುಳಸಿ ಗಿಡಕ್ಕೆ ಸುರಿದು, ಬಾಟಲಿ ತೊಳೆದು ಬೋರಲು ಹಾಕುವುದಷ್ಟೇ. ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ.

ಓಡಾಡಿಕೊಂಡಿರುವ ಮಕ್ಕಳ ವಿಷಯದಲ್ಲಿ ಇದು ದೊಡ್ಡ ಸಂಗತಿಯಲ್ಲ. ಆಟದ ಭರದಲ್ಲಿ ಕುಡಿಯಲು ಮರೆತಿರಬಹುದು. ಆದರೆ ಮಗುವಿಗೆ ವಂಶಪಾರಂಪರ್ಯವಾದ ಸ್ನಾಯುರೋಗವಿದ್ದು, ಬಾಟಲಿ ದಿನವೂ ತುಂಬಿಕೊಂಡೇ ವಾಪಸು ಬರುತ್ತಿದ್ದರೆ ಅದನ್ನು ಕಡೆಗಣಿಸಬಾರದು. ಮಗು ಬಾಯಿಬಿಟ್ಟು ಹೇಳಲಾರದ ಕಷ್ಟವೊಂದು ಅದರ ಹಿಂದೆ ಇರಬಹುದು.

ಯಲಹಂಕ ಉಪನಗರದ ಯಾವುದೋ ಒಂದು ಶಾಲೆಯಲ್ಲಿ ಏಳನೇ ತರಗತಿ ಓದುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಗಾಲಿಕುರ್ಚಿಯಲ್ಲಿ ಕುಳಿತೇ ಪಾಠ ಕೇಳುತ್ತಾನೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸಾಗುವುದು ಸಂಜೆ ನಾಲ್ಕಕ್ಕೆ. ಈ ಎಂಟು ಗಂಟೆಗಳಲ್ಲಿ ಅವನು ಶೌಚಾಲಯಕ್ಕೆ ಹೋಗಬೇಕೆಂದರೆ ಕುರ್ಚಿ ತಳ್ಳಲು ಒಬ್ಬರು ಬೇಕು, ಎತ್ತಿ ಹಿಡಿಯಲು ಒಬ್ಬರು ಬೇಕು, ಚಡ್ಡಿ ಬಿಚ್ಚಲೂ ಯಾರಾದರೂ ಬೇಕು. ಪಾಠದ ಮಧ್ಯೆ ಕಿರುಬೆರಳೆತ್ತಿ 'ಮಿಸ್, ಒಂದಕ್ಕೆ' ಎಂದರೆ ಇಡೀ ತರಗತಿಯ ಕಣ್ಣು ಅವನ ಮೇಲೆ. ಹಾಗಾಗಿ ಅವನು ತನ್ನಷ್ಟಕ್ಕೆ ಒಂದು ಉಪಾಯ ಕಂಡುಕೊಳ್ಳುತ್ತಾನೆ. ನೀರನ್ನೇ ಕುಡಿಯದಿದ್ದರೆ ಒಂದಕ್ಕೆ ಹೋಗುವ ಪ್ರಮೇಯವೇ ಬರುವುದಿಲ್ಲವಲ್ಲ!

ಈ ಉಪಾಯ ಅವನೊಬ್ಬನದೇ ಅಲ್ಲ. ಗಾಲಿಕುರ್ಚಿ ಹಿಡಿದ ಮಕ್ಕಳು, ದೊಡ್ಡವರು ಎಲ್ಲ ದೇಶಗಳಲ್ಲೂ ಇದನ್ನೇ ಮಾಡುತ್ತಾರೆ. ಎಷ್ಟೋ ವೇಳೆ ಮನೆಯವರೂ ಇದಕ್ಕೆ ಒಪ್ಪಿಗೆ ಕೊಟ್ಟಿರುತ್ತಾರೆ. ಕಷ್ಟವನ್ನು ತಪ್ಪಿಸುವಂತೆ ಕಾಣುವ ಈ ದಾರಿಯೇ ಮುಂದೆ ದೊಡ್ಡ ಕಷ್ಟ ತರುತ್ತದೆ ಎಂಬುದನ್ನು ಪೋಷಕರೂ ಶಿಕ್ಷಕರೂ ಮಕ್ಕಳೂ ತಿಳಿದುಕೊಳ್ಳಬೇಕು.

ಸ್ನಾಯುಕ್ಷಯ ಎಂದರೇನು?

ಮಾಂಸಖಂಡಗಳು ವರ್ಷದಿಂದ ವರ್ಷಕ್ಕೆ ಬಲಗುಂದುತ್ತಾ ಹೋಗುವ ಆನುವಂಶಿಕ ಕಾಯಿಲೆಗಳಿಗೆ ಸ್ನಾಯುಕ್ಷಯ ಅಥವಾ ಮಸ್ಕ್ಯುಲರ್ ಡಿಸ್ಟ್ರಫಿ ಎಂದು ಹೆಸರು. ಇದರಲ್ಲಿ ಹಲವು ಬಗೆಗಳಿವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಡುಶೆನ್ ಸ್ನಾಯುಕ್ಷಯ. 1860ರ ದಶಕದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ ಫ್ರಾನ್ಸಿನ ವೈದ್ಯ ಡುಶೆನ್ ಅವರ ಹೆಸರೇ ಕಾಯಿಲೆಗೆ ಬಂದಿದೆ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬರಿಗೆ ಇದು ಬರುತ್ತದೆ ಎಂಬುದು ಅಂದಾಜು.

ಸ್ನಾಯುವಿನ ಕೋಶಗಳು ಹರಿದುಹೋಗದಂತೆ ಕಾಪಾಡುವ 'ಡಿಸ್ಟ್ರೋಫಿನ್' ಎಂಬ ಪ್ರೋಟೀನು ಈ ಮಕ್ಕಳಲ್ಲಿ ತಯಾರಾಗುವುದಿಲ್ಲ. ಅದನ್ನು ತಯಾರಿಸುವ ಆದೇಶ ಎಕ್ಸ್ ವರ್ಣತಂತುವಿನ ಮೇಲಿನ ಒಂದು ವಂಶವಾಹಿಯಲ್ಲಿದೆ. ಮನುಷ್ಯನ ಅತ್ಯಂತ ಉದ್ದವಾದ ವಂಶವಾಹಿಗಳಲ್ಲಿ ಇದೂ ಒಂದು. ಅಲ್ಲಿ ದೋಷವಾದರೆ ಪ್ರೋಟೀನು ಇಲ್ಲ. ಈ ಪ್ರೋಟೀನನ್ನು ವಿಜ್ಞಾನಿಗಳು ಗುರುತಿಸಿದ್ದು 1987ರಲ್ಲಿ.

ಮೂರರಿಂದ ಐದು ವರ್ಷದ ಹೊತ್ತಿಗೆ ಮಗು ಪದೇಪದೇ ಬೀಳತೊಡಗುತ್ತದೆ. ಮೆಟ್ಟಿಲು ಹತ್ತಲು ತಿಣುಕುತ್ತದೆ. ನೆಲದಿಂದ ಏಳುವಾಗ ತನ್ನ ಮೊಣಕಾಲು, ತೊಡೆಗಳ ಮೇಲೆಯೇ ಕೈಯೂರಿಕೊಂಡು ಏಳುತ್ತದೆ. ಮೀನಖಂಡ ದಪ್ಪಗೆ ಕಾಣುತ್ತದೆ. 'ಎಷ್ಟು ಗಟ್ಟಿಮುಟ್ಟಾದ ಕಾಲು!' ಎಂದು ನೆಂಟರು ಮೆಚ್ಚುವುದೂ ಉಂಟು. ಹತ್ತು ಹನ್ನೆರಡು ವರ್ಷದ ಆಸುಪಾಸಿನಲ್ಲಿ ಅನೇಕರಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಸ್ಟೀರಾಯ್ಡ್ ಔಷಧಿಗಳು ಈ ಕಾಲವನ್ನು ಸ್ವಲ್ಪ ಮುಂದೂಡುತ್ತವೆ.

ಇದು ಅಪರೂಪದ ರೋಗವೇ ಹೌದು. ಆದರೆ ಬೆಂಗಳೂರಿಗೆ ಅಪರಿಚಿತವೇನಲ್ಲ. ನಿಮ್ಹಾನ್ಸ್‌ನ ವೈದ್ಯರು 2019ರಲ್ಲಿ ಪ್ರಕಟಿಸಿದ ಒಂದೇ ಅಧ್ಯಯನದಲ್ಲಿ ಡುಶೆನ್ ಕಾಯಿಲೆಯ 606 ಮಕ್ಕಳ ವಂಶವಾಹಿ ದೋಷಗಳನ್ನು ಪರಿಶೀಲಿಸಿದ್ದಾರೆ. ಅಷ್ಟು ಮನೆಗಳಲ್ಲಿ ಅಷ್ಟು ಬಾಟಲಿಗಳು!

ಮೂತ್ರಕೋಶವೂ ಸ್ನಾಯುವೇ

ಕೈಕಾಲಿನ ರೋಗಕ್ಕೂ ಮೂತ್ರಕ್ಕೂ ಏನು ಸಂಬಂಧ ಎಂದು ಕೇಳಬಹುದು. ಮೂತ್ರಕೋಶವೆಂಬುದು ಸ್ನಾಯುವಿನಿಂದಲೇ ಹೆಣೆದ ಒಂದು ಚೀಲ. ಮೂತ್ರಪಿಂಡಗಳು ಸೋಸಿ ಕಳಿಸಿದ ಮೂತ್ರ ಇದರಲ್ಲಿ ಹನಿಹನಿಯಾಗಿ ತುಂಬುವಾಗ ಗೋಡೆ ಸಡಿಲವಾಗಿ ಹಿಗ್ಗುತ್ತದೆ, ಕೆಳಗಿನ ಬಾಗಿಲು ಬಿಗಿಯಾಗಿ ಮುಚ್ಚಿರುತ್ತದೆ. ವಿಸರ್ಜನೆಯ ಹೊತ್ತಿಗೆ ಗೋಡೆ ಬಿಗಿಯಾಗುತ್ತದೆ, ಬಾಗಿಲು ಸಡಿಲವಾಗುತ್ತದೆ. ಈ ಎರಡೂ ಕೆಲಸಗಳನ್ನು ಹೊಂದಿಸುವುದು ಮಿದುಳು ಮತ್ತು ಬೆನ್ನುಹುರಿಯ ನರಗಳು.

ಮಗುವಿನ ಮೂತ್ರಕೋಶ ಎಷ್ಟು ಹಿಡಿಸುತ್ತದೆ ಎಂಬುದಕ್ಕೆ ವೈದ್ಯರು ಬಳಸುವ ಸುಲಭವಾದ ಲೆಕ್ಕವೊಂದಿದೆ. ವಯಸ್ಸಿಗೆ 2 ಕೂಡಿಸಿ 30ರಿಂದ ಗುಣಿಸಿದರೆ ಮಿಲಿಲೀಟರಿನಲ್ಲಿ ಅಂದಾಜು ಸಿಗುತ್ತದೆ. ಹತ್ತು ವರ್ಷದವನಿಗೆ 360 ಮಿ.ಲೀ. ಎಂದರೆ ದೊಡ್ಡ ಲೋಟ ಒಂದೂವರೆಯಷ್ಟು. ಎಂಟು ಗಂಟೆ ಕಾಲ ಬರುವ ಮೂತ್ರವನ್ನೆಲ್ಲ ಇಷ್ಟರಲ್ಲಿ ತಡೆಹಿಡಿಯುವುದು ಸಹಜವಲ್ಲ ಎಂಬುದು ಲೆಕ್ಕದಿಂದಲೇ ಗೊತ್ತಾಗುತ್ತದೆ.

ಡಿಸ್ಟ್ರೋಫಿನ್ ಇರಬೇಕಾದದ್ದು ಕೈಕಾಲುಗಳ ಸ್ನಾಯುಗಳಲ್ಲಿ ಮಾತ್ರವಲ್ಲ. ಹೃದಯದಲ್ಲಿ, ಕರುಳು ಮತ್ತು ಮೂತ್ರಕೋಶದ ನಯವಾದ ಸ್ನಾಯುಗಳಲ್ಲಿ, ಮಿದುಳಿನಲ್ಲಿಯೂ ಅದು ಇರಬೇಕು. ಆದ್ದರಿಂದ ಕೆಲವು ಮಕ್ಕಳಲ್ಲಿ ಮೂತ್ರಕ್ಕೆ ಸಂಬಂಧಿಸಿದ ತೊಂದರೆಗಳು ಕಾಣುತ್ತವೆ. ತಟ್ಟನೆ ಅವಸರವಾಗುವುದು, ಹೋಗುವಷ್ಟರಲ್ಲಿ ತೊಟ್ಟಿಕ್ಕುವುದು, ಕುಳಿತರೂ ಬೇಗ ಬಾರದಿರುವುದು, ಪೂರ್ತಿ ಖಾಲಿಯಾಗದಿರುವುದು, ರಾತ್ರಿ ಹಾಸಿಗೆ ಒದ್ದೆಯಾಗುವುದು - ಇವು ಮುಖ್ಯವಾದವು.

1996ರಲ್ಲಿ ಅಮೆರಿಕದ ವೈದ್ಯರು ಡುಶೆನ್ ಕಾಯಿಲೆಯ ಹುಡುಗರ ಮೂತ್ರದ ತೊಂದರೆಗಳ ಬಗ್ಗೆ ಬರೆದಾಗ, ಕೆಲವರಲ್ಲಿ ಮೂತ್ರಕೋಶವನ್ನು ಹತೋಟಿಯಲ್ಲಿಡುವ ನರವ್ಯವಸ್ಥೆಯಲ್ಲೂ ದೋಷವಿರುವುದನ್ನು ಗಮನಿಸಿದರು. 2009ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಅಧ್ಯಯನವೊಂದು ಈ ತೊಂದರೆಗಳು ಮನಸ್ಸಿನ ಮೇಲೂ ದಿನನಿತ್ಯದ ಬದುಕಿನ ಮೇಲೂ ಬೀರುವ ಪರಿಣಾಮವನ್ನು ಪರಿಶೀಲಿಸಿತು. ಹಾಗಿದ್ದರೂ ಆಸ್ಪತ್ರೆಯಲ್ಲಿ ಈ ಮಾತು ಬರುವುದು ಕಡಿಮೆ. ವೈದ್ಯರು ನಡಿಗೆ, ಉಸಿರು, ಹೃದಯದ ಬಗ್ಗೆ ಕೇಳುತ್ತಾರೆ. ಹುಡುಗ ನಾಚಿಕೊಂಡು ತಲೆ ತಗ್ಗಿಸಿರುತ್ತಾನೆ. ತಾಯಿ, 'ಇಷ್ಟೊಂದು ದೊಡ್ಡ ಕಾಯಿಲೆಯ ಮುಂದೆ ಇದೇನು ಮಹಾ' ಎಂದುಕೊಂಡು ಸುಮ್ಮನಾಗಿರುತ್ತಾಳೆ.

ಬೇರೆ ಸ್ನಾಯುರೋಗಗಳಲ್ಲೂ ಒಂದಲ್ಲ ಒಂದು ಬಗೆಯ ತೊಡಕು ಬರಬಹುದು. ಬಿಗಿಹಿಡಿದ ಮುಷ್ಟಿ ಬೇಗ ಸಡಿಲವಾಗದ ಮಯೋಟೋನಿಕ್ ಡಿಸ್ಟ್ರಫಿಯಲ್ಲಿ ಕರುಳು ಮತ್ತು ಮೂತ್ರಕೋಶಗಳು ತೊಂದರೆಗೊಳಗಾಗಬಹುದು. ಸೊಂಟ, ಭುಜಗಳ ಸ್ನಾಯು ಸೋಲುವ ಬಗೆಯಲ್ಲಿ ಮೂತ್ರಕೋಶ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಕುಕ್ಕರುಗಾಲಲ್ಲಿ ಕುಳಿತು ಏಳುವ ಕಕ್ಕಸು ಅವರ ಪಾಲಿಗೆ ಬೆಟ್ಟ ಹತ್ತಿದಂತೆ. ಅಲ್ಲಿ ಕಾಯಿಲೆ ಮೂತ್ರಕೋಶದಲ್ಲಿಲ್ಲ, ಕಕ್ಕಸಿನ ಬಾಗಿಲಲ್ಲಿದೆ!

ನೀರು ಬಿಟ್ಟರೆ ಏನಾಗುತ್ತದೆ?

ನೀರು ಕಡಿಮೆಯಾದರೆ ಮೂತ್ರ ಗಾಢವಾಗುತ್ತದೆ. ಗಾಢವಾದ ಮೂತ್ರ ಮೂತ್ರಕೋಶವನ್ನು ಕೆಣಕಬಹುದು. ಆಗ ಅವಸರ ಕಡಿಮೆಯಾಗುವ ಬದಲು ಹೆಚ್ಚಬಹುದು. ಹೊತ್ತು ಹೊತ್ತಿಗೆ ಖಾಲಿಯಾಗದೆ ನಿಂತ ಮೂತ್ರದಲ್ಲಿ ರೋಗಾಣುಗಳು ಬೆಳೆಯಲು ಅನುಕೂಲ. ಉರಿಮೂತ್ರ, ಜ್ವರ ಬರುವುದು ಹೀಗೆ. ಸ್ಟೀರಾಯ್ಡ್ ಸೇವಿಸುವ ಮಕ್ಕಳಲ್ಲಿ ಸೋಂಕಿನ ಭಯ ಇನ್ನಷ್ಟು ಹೆಚ್ಚು.

ನಡೆದಾಡದ ದೇಹದಲ್ಲಿ ಮೂಳೆಗಳು ಸುಣ್ಣಾಂಶ ಕಳೆದುಕೊಳ್ಳುತ್ತವೆ. ಸ್ಟೀರಾಯ್ಡ್ ಕೂಡ ಮೂಳೆಗಳನ್ನು ದುರ್ಬಲಗೊಳಿಸುತ್ತದೆ. ಮೂಳೆಯಿಂದ ಹೊರಬಂದ ಸುಣ್ಣಾಂಶ ಮೂತ್ರದ ಮೂಲಕ ಹೋಗಬೇಕು. ನೀರು ಸಾಲದಿದ್ದರೆ ಅದೇ ಹರಳುಗಟ್ಟಿ ಕಲ್ಲಾಗಬಹುದು. ಬೇಸಿಗೆಯ ಏಪ್ರಿಲ್, ಮೇ ತಿಂಗಳಲ್ಲಂತೂ ಬೆವರಿನಲ್ಲೇ ಸಾಕಷ್ಟು ನೀರು ಹೋಗುವುದರಿಂದ ಈ ಭಯ ಹೆಚ್ಚು.

ಇನ್ನು ಮಲಬದ್ಧತೆ. ಸ್ನಾಯುಕ್ಷಯದ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಓಡಾಟವಿಲ್ಲ, ಮುಕ್ಕಲು ಹೊಟ್ಟೆಯ ಸ್ನಾಯುಗಳಲ್ಲಿ ಬಲವಿಲ್ಲ, ಮೇಲಿಂದ ನೀರೂ ಇಲ್ಲ. ಗಟ್ಟಿಯಾದ ಮಲ ತುಂಬಿಕೊಂಡ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ. ಆಗ ಮೂತ್ರ ಪದೇಪದೇ ಬಂದಂತಾಗುತ್ತದೆ, ಇಲ್ಲವೇ ಸರಿಯಾಗಿ ಬರುವುದೇ ಇಲ್ಲ. ಎಷ್ಟೋ ಮಕ್ಕಳಲ್ಲಿ ಮಲಬದ್ಧತೆ ಸರಿಹೋದರೆ ಮೂತ್ರದ ತೊಂದರೆಯೂ ತಗ್ಗುತ್ತದೆ. ವೈದ್ಯರು ಮೊದಲು ಹೊಟ್ಟೆಯ ವಿಚಾರ ಕೇಳುವುದು ಇದಕ್ಕೇ.

ಯಲಹಂಕದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವುದೆಂದರೆ ಹೆಬ್ಬಾಳದ ಮೇಲ್ಸೇತುವೆ, ಮೇಖ್ರಿ ವೃತ್ತ ದಾಟಿ ಇಡೀ ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ಹಾದುಹೋದಂತೆ. ದಾರಿಯಲ್ಲಿ ವಾಹನಗಳ ಸಾಲು ಎಷ್ಟು ಹೊತ್ತು ನಿಲ್ಲಿಸುತ್ತದೋ ಹೇಳಲಾಗದು. 'ದಾರೀಲಿ ಒಂದಕ್ಕೆ ಬಂದರೆ ಎಲ್ಲಿ ಇಳಿಸೋದು, ನೀರು ಕುಡೀಬೇಡ ಕಣೋ' ಎಂದು ಹೇಳಿ ಹೊರಡುವ ಮನೆಗಳಿವೆ. ಬಾಯಾರಿ ಒಣಗಿದ ಮಗುವನ್ನೇ ಪರೀಕ್ಷೆಗೆ ಒಯ್ದಂತಾಯಿತು. ಅದರ ಬದಲು ಕಾರಿನಲ್ಲೋ ಆಟೋದಲ್ಲೋ ಮುಚ್ಚಳವಿರುವ ಮೂತ್ರದ ಬಾಟಲಿ ಮತ್ತು ಒಂದು ಹೊದಿಕೆ ಇಟ್ಟುಕೊಂಡರೆ ನೀರು ಬಿಡುವ ಅಗತ್ಯವೇ ಇರುವುದಿಲ್ಲ.

ರಕ್ತಪರೀಕ್ಷೆ ಹೇಳದ ಸತ್ಯ

'ಡಾಕ್ಟ್ರೇ, ಕ್ರಿಯಾಟಿನಿನ್ ನಾರ್ಮಲ್ ಅಂತ ಬಂದಿದೆ. ಕಿಡ್ನಿ ಚೆನ್ನಾಗಿದೆ ಅಲ್ವಾ?' ಎಂದು ತಂದೆತಾಯಿ ಕೇಳುವುದು ಸಹಜ. ಸ್ನಾಯುಕ್ಷಯದಲ್ಲಿ ಈ ಒಂದು ಪರೀಕ್ಷೆಯನ್ನೇ ನಂಬುವಂತಿಲ್ಲ.

ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದಲೇ ರಕ್ತಕ್ಕೆ ಬರುವ ಕಸ. ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಮೂತ್ರಪಿಂಡ ಸೋತರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಆದರೆ ಸ್ನಾಯುಗಳೇ ಕರಗಿಹೋಗಿರುವ ಹುಡುಗನಲ್ಲಿ ಕಸ ಹುಟ್ಟುವುದೇ ಕಡಿಮೆ. ಆದ್ದರಿಂದ ಮೂತ್ರಪಿಂಡ ಸೋಲುತ್ತಿದ್ದರೂ ವರದಿಯಲ್ಲಿ ಅಂಕಿ 'ನಾರ್ಮಲ್' ಎಂದೇ ಕಾಣಬಹುದು. ಕಸವೇ ಇಲ್ಲದ ಬೀದಿಯನ್ನು ನೋಡಿ ಕಸ ಗುಡಿಸುವವರು ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡ ಹಾಗೆ. ಇಂಥವರಲ್ಲಿ ಸ್ನಾಯುವನ್ನು ಅವಲಂಬಿಸದ 'ಸಿಸ್ಟಾಟಿನ್ ಸಿ' ಎಂಬ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ಮಗ ದೊಡ್ಡವನಾದಂತೆ, ಹೃದಯ ದುರ್ಬಲವಾದಂತೆ ಮೂತ್ರಪಿಂಡಗಳ ಮೇಲೂ ಹೊರೆ ಬೀಳುತ್ತದೆ. ಆದ್ದರಿಂದ ಇದನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮೂತ್ರದ ತೊಂದರೆಗೆ ಬೇಕಾಗುವ ಮೊದಲ ಪರೀಕ್ಷೆಗಳು ಸರಳವಾಗಿವೆ. ಮೂತ್ರದ ಸಾಮಾನ್ಯ ಪರೀಕ್ಷೆ, ಸೋಂಕಿನ ಅನುಮಾನವಿದ್ದರೆ ಕಲ್ಚರ್, ಜೊತೆಗೆ ಹೊಟ್ಟೆಯ ಅಲ್ಟ್ರಾಸೌಂಡ್. ಮೂತ್ರ ಮಾಡುವ ಮೊದಲು ಮತ್ತು ಮಾಡಿದ ಮೇಲೆ ನೋಡಿದರೆ ಒಳಗೆ ಎಷ್ಟು ಉಳಿಯುತ್ತದೆ ಎಂಬುದು ತಿಳಿಯುತ್ತದೆ. ಇದರಲ್ಲಿ ಸೂಜಿಯೂ ಇಲ್ಲ, ನೋವೂ ಇಲ್ಲ.

ಅವಸರ ತಗ್ಗಿಸುವ ಮಾತ್ರೆಗಳಿವೆ. ಆದರೆ ಅವು ಮಲಬದ್ಧತೆಯನ್ನು ಹೆಚ್ಚಿಸಬಲ್ಲವು, ಮೂತ್ರ ಕಟ್ಟಿಕೊಳ್ಳುವಂತೆ ಮಾಡಬಲ್ಲವು, ಎದೆಬಡಿತವನ್ನೂ ಹೆಚ್ಚಿಸಬಲ್ಲವು. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ಕೊಡುವುದು ಖಂಡಿತ ಸಲ್ಲದು.

ಡಿಕಾಕ್ಷನ್ ಬಣ್ಣದ ಮೂತ್ರ

ಎಲ್ಲರೂ ನೆನಪಿಡಬೇಕಾದ ಅಪಾಯದ ಗುರುತೊಂದಿದೆ. ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಅಥವಾ ಕೋಲಾ ಪಾನೀಯದಂತೆ ಕಪ್ಪುಗಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸ್ನಾಯುಗಳು ಒಮ್ಮೆಗೇ ಒಡೆದು ಅವುಗಳ ಬಣ್ಣದ ವಸ್ತು ಮೂತ್ರಕ್ಕೆ ಸೇರಿದಾಗ ಹೀಗಾಗುತ್ತದೆ. ಅದು ಮೂತ್ರಪಿಂಡಗಳನ್ನು ಮುಚ್ಚಿಹಾಕಬಲ್ಲದು.

ಇನ್ನೂ ನಡೆದಾಡುತ್ತಿರುವ ಮಕ್ಕಳಲ್ಲಿ, ಅದರಲ್ಲೂ ಬೆಕರ್ ಎಂಬ ಸೌಮ್ಯ ಬಗೆಯ ಸ್ನಾಯುಕ್ಷಯದಲ್ಲಿ, ಮೈಮೀರಿದ ಓಟ, ಆಟಗಳ ಮರುದಿನ ಹೀಗೆ ಕಾಣಬಹುದು. ಆಟದ ಮೇಷ್ಟ್ರು 'ಸೋಮಾರಿ' ಎಂದು ಹಂಗಿಸಿ ಮೈದಾನ ಸುತ್ತು ಹಾಕಿಸುವ ಮುನ್ನ ಇದನ್ನು ಅರಿತಿರಬೇಕು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕೊಡುವ ಕೆಲವು ಅರಿವಳಿಕೆ ಔಷಧಿಗಳಿಂದಲೂ ಈ ಅಪಾಯವಿದೆ. ಸಕ್ಸಿನೈಲ್‌ಕೋಲಿನ್ ಅವುಗಳಲ್ಲಿ ಒಂದು. ಹಲ್ಲು ಕೀಳಿಸುವಂಥ ಚಿಕ್ಕ ಕೆಲಸವಾದರೂ ಸರಿ, ಅರಿವಳಿಕೆ ಕೊಡುವವರಿಗೆ ಮಗುವಿನ ಕಾಯಿಲೆಯ ಹೆಸರನ್ನು ಮೊದಲೇ ತಿಳಿಸಬೇಕು.

ಇದಲ್ಲದೆ ಚಳಿಜ್ವರದ ಜೊತೆ ಉರಿಮೂತ್ರ, ಪಕ್ಕೆಯಲ್ಲಿ ತಡೆಯಲಾರದ ನೋವು, ಹೊಟ್ಟೆ ಉಬ್ಬಿದರೂ ಮೂತ್ರ ಬಾರದಿರುವುದು - ಇವಕ್ಕೂ ತಡಮಾಡಬಾರದು. ಬಿದ್ದ ಮೇಲೆ ಅಥವಾ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಮೂತ್ರದ ಹತೋಟಿ ಹಠಾತ್ತನೆ ತಪ್ಪಿದರೆ ಬೆನ್ನುಹುರಿಗೆ ಪೆಟ್ಟಾಗಿರಬಹುದು. ಹೊಸದಾಗಿ ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ ಬಂದರೆ ರಕ್ತದ ಸಕ್ಕರೆಯನ್ನು ನೋಡಿಸಬೇಕು. ಸ್ಟೀರಾಯ್ಡ್‌ನಿಂದ ಸಕ್ಕರೆ ಏರುವುದುಂಟು. ಆದರೆ ಹೆದರಿ ಸ್ಟೀರಾಯ್ಡನ್ನು ತಾವಾಗಿಯೇ ನಿಲ್ಲಿಸಬಾರದು. ಅದನ್ನು ದಿಢೀರನೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ.

ಮನೆಯಲ್ಲಿ ಮಾಡಬಹುದಾದದ್ದು

ಒಂದು ನೋಟ್‌ಬುಕ್ ತೆಗೆದುಕೊಂಡು ಎರಡು ಮೂರು ದಿನ ಬರೆದಿಡಿ. ಎಷ್ಟು ಗಂಟೆಗೆ ಎಷ್ಟು ಕುಡಿದ, ಎಷ್ಟು ಗಂಟೆಗೆ ಮೂತ್ರಕ್ಕೆ ಹೋದ, ಎಷ್ಟು ಬಂತು, ಬಟ್ಟೆ ಒದ್ದೆಯಾಯಿತೇ. ವೈದ್ಯರ ಮುಂದೆ ಈ ಪುಟ ತೆರೆದಿಟ್ಟರೆ ಅರ್ಧ ರೋಗನಿರ್ಣಯ ಆದಂತೆ. ನಾಚಿಕೆಯ ಮಾತನ್ನು ಬಾಯಲ್ಲಿ ಹೇಳುವ ಕಷ್ಟವೂ ತಪ್ಪುತ್ತದೆ.

ಅವಸರವಾಗುವ ತನಕ ಕಾಯದೆ, ಎರಡು ಮೂರು ಗಂಟೆಗೊಮ್ಮೆ ಹೋಗುವ ಅಭ್ಯಾಸ ಮಾಡಿಸಿ. ನೀರನ್ನು ಹಗಲಿನಲ್ಲಿ ಸ್ವಲ್ಪಸ್ವಲ್ಪವಾಗಿ ಹಂಚಿ ಕುಡಿಸಿ, ಮಲಗುವ ಮುಂಚಿನ ಒಂದೆರಡು ಗಂಟೆ ಕಡಿಮೆ ಮಾಡಿ. ಕಾಫಿ, ಟೀ, ಕೋಲಾಗಳು ಅವಸರ ಹೆಚ್ಚಿಸುತ್ತವೆ. ಮಜ್ಜಿಗೆ, ಎಳನೀರು ಒಳ್ಳೆಯವು. ಹೃದಯ ದುರ್ಬಲವಾಗಿದ್ದರೆ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಎಷ್ಟು ನೀರು, ಎಳನೀರು ಕೊಡಬಹುದೆಂದು ವೈದ್ಯರೇ ಹೇಳಬೇಕು. ಸೊಪ್ಪು, ತರಕಾರಿ, ಪರಂಗಿಹಣ್ಣು, ರಾಗಿ ಊಟದಲ್ಲಿರಲಿ. ಆದರೆ ನೀರು ಕುಡಿಸದೆ ನಾರಿನ ಆಹಾರ ಹೆಚ್ಚಿಸಿದರೆ ಮಲ ಇನ್ನಷ್ಟು ಗಟ್ಟಿಯಾದೀತು.

ಗಂಡುಮಕ್ಕಳಿಗೆ ಗಾಲಿಕುರ್ಚಿಯಲ್ಲೇ ಬಳಸಬಹುದಾದ ಮೂತ್ರದ ಬಾಟಲಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಬೇರೆ ಆಕಾರದ್ದು ಬೇಕು. ಗುಂಡಿ, ಬೆಲ್ಟಿನ ಚಡ್ಡಿಗೆ ಬದಲು ಎಲಾಸ್ಟಿಕ್ ಇಲ್ಲವೇ ಒತ್ತಿದರೆ ಅಂಟುವ ಪಟ್ಟಿ ಹೊಲಿಸಿದರೆ ಅರ್ಧ ಸಮಯ ಉಳಿಯುತ್ತದೆ. ಮನೆಯ ಕಕ್ಕಸಿನಲ್ಲಿ ಕಮೋಡ್ ಇದ್ದರೆ ಅದರ ಎತ್ತರ ಹೆಚ್ಚಿಸಿ, ಪಕ್ಕದ ಗೋಡೆಗೆ ಹಿಡಿಕಂಬಿ ಹಾಕಿಸಿ. ಬೆನ್ನಿಗೆ ಆಧಾರ, ಕಾಲಿಗೆ ಮಣೆ ಇದ್ದು ನೆಮ್ಮದಿಯಾಗಿ ಕುಳಿತರೆ ಮೂತ್ರಕೋಶ ಚೆನ್ನಾಗಿ ಖಾಲಿಯಾಗುತ್ತದೆ.

ಹಾಸಿಗೆ ಒದ್ದೆಯಾದರೆ ಬೈಯಬೇಡಿ. ರಾತ್ರಿ ಮೂರು ಗಂಟೆಗೆ 'ಅಮ್ಮಾ' ಎಂದು ಕೂಗಬೇಕೋ ಬೇಡವೋ ಎಂದು ಆ ಹುಡುಗ ಎಷ್ಟು ಹೊತ್ತು ಯೋಚಿಸಿರುತ್ತಾನೋ! ಆ ಹೊರೆಯೆಲ್ಲ ತಾಯಿಯೊಬ್ಬಳ ಮೇಲೇ ಬೀಳದಂತೆ ತಂದೆ, ಅಣ್ಣ, ಚಿಕ್ಕಪ್ಪ ಸರದಿಯಲ್ಲಿ ಏಳುವುದು ನ್ಯಾಯ. 'ನಿನ್ನಿಂದಲೇ ಬಂದ ರೋಗ' ಎಂದು ತಾಯಿಯನ್ನು ಚುಚ್ಚುವವರಿಗೊಂದು ಮಾತು. ಡುಶೆನ್ ಕಾಯಿಲೆಯ ಸುಮಾರು ಮೂರನೇ ಒಂದು ಭಾಗ ಮಕ್ಕಳಲ್ಲಿ ದೋಷ ಹೊಸದಾಗಿ ಹುಟ್ಟಿದ್ದು, ತಾಯಿಯಿಂದ ಬಂದದ್ದಲ್ಲ. ಬಂದಿದ್ದರೂ ಅದು ಯಾರ ತಪ್ಪೂ ಅಲ್ಲ. ಮುಂದಿನ ಮಗುವಿನ ಬಗ್ಗೆ, ಅಕ್ಕತಂಗಿಯರ ಬಗ್ಗೆ ತಿಳಿಯಲು ವಂಶವಾಹಿ ಪರೀಕ್ಷೆ ಮತ್ತು ತಜ್ಞರ ಸಲಹೆ ಇದೆ. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳನ್ನು ಜೊತೆಯಾಗಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ.

ಶಾಲೆಯ ಹೊಣೆ

ಯಲಹಂಕದಲ್ಲಿ 1984ರಿಂದ ರೈಲಿನ ಗಾಲಿಗಳು ತಯಾರಾಗುತ್ತಿವೆ. ದೇಶದ ಮೂಲೆಮೂಲೆಗೂ ಆ ಗಾಲಿಗಳು ಓಡುತ್ತವೆ. ಆದರೆ ಎಷ್ಟೋ ಶಾಲೆಗಳಲ್ಲಿ ಗಾಲಿಕುರ್ಚಿಯೊಂದು ಶೌಚಾಲಯದ ಹೊಸ್ತಿಲು ದಾಟಲಾರದು. ಎರಡು ಮೆಟ್ಟಿಲು, ಕಿರಿದಾದ ಬಾಗಿಲು, ಒಳಗೆ ತಿರುಗಲು ಜಾಗವಿಲ್ಲ.

1995ರ ಅಂಗವಿಕಲರ ಕಾಯಿದೆಯಲ್ಲಿ ಪಟ್ಟಿಮಾಡಿದ್ದು ಏಳು ಬಗೆಯ ವೈಕಲ್ಯಗಳನ್ನು ಮಾತ್ರ. ಸ್ನಾಯುಕ್ಷಯದ ಹೆಸರು ಅದರಲ್ಲಿ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಪಟ್ಟಿಮಾಡಿ ಸ್ನಾಯುಕ್ಷಯವನ್ನೂ ಹೆಸರಿಸಿತು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಕಟ್ಟಡ, ಆವರಣ ಹಾಗೂ ಸೌಲಭ್ಯಗಳನ್ನು ಇಂಥ ಮಕ್ಕಳು ಬಳಸುವಂತೆ ಮಾಡಬೇಕೆಂದೂ ಅದು ಹೇಳುತ್ತದೆ. ಶೌಚಾಲಯ ಈ ಸೌಲಭ್ಯಗಳಲ್ಲಿ ಮೊದಲನೆಯದಲ್ಲವೇ? ಆದ್ದರಿಂದ ಪೋಷಕರು ಮುಖ್ಯೋಪಾಧ್ಯಾಯರ ಮುಂದೆ ಕೈಮುಗಿದು ಉಪಕಾರ ಬೇಡುವ ಅಗತ್ಯವಿಲ್ಲ. ಮಗುವಿನ ಹಕ್ಕನ್ನು ಕೇಳಿದರೆ ಸಾಕು.

ಎಲ್ಲವೂ ಒಂದೇ ದಿನದಲ್ಲಿ ಆಗದಿರಬಹುದು. ನೆಲಮಹಡಿಯಲ್ಲಿ ತರಗತಿ, ಮೆಟ್ಟಿಲಿನ ಜಾಗದಲ್ಲಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, ಬಾಟಲಿ ಬಳಸಲು ಪರದೆ ಕಟ್ಟಿದ ಒಂದು ಮೂಲೆ, ಕೈತೊಳೆಯಲು ನೀರು - ಇಷ್ಟರಿಂದ ಶುರುಮಾಡಬಹುದು. ಸಹಾಯ ಮಾಡುವ ಆಯಾ ಅಥವಾ ಸಹಾಯಕ ಯಾರೆಂಬುದು ಮೊದಲೇ ಗೊತ್ತಾಗಿರಬೇಕು. ಹುಡುಗನಿಗೆ ಗಂಡಸು, ಹುಡುಗಿಗೆ ಹೆಂಗಸು ಇದ್ದರೆ ಒಳ್ಳೆಯದು. ಮಗುವಿನ ಒಪ್ಪಿಗೆ ಕೇಳಿ, ಏನು ಮಾಡಲಿದ್ದೇವೆ ಎಂದು ಹೇಳಿ, ಮರೆಯಲ್ಲಿ ಮಾಡಬೇಕು. ದೊಡ್ಡವನಾಗುತ್ತಿರುವ ಹುಡುಗನಿಗೂ ಮಾನವಿದೆ.

ವೇಳಾಪಟ್ಟಿಯಲ್ಲೇ ಎರಡು ಬಾರಿ ಈ ಬಿಡುವನ್ನು ಸೇರಿಸಿಬಿಟ್ಟರೆ ಮಗು ಕೈಯೆತ್ತಿ ಕೇಳಬೇಕಾದ ಪ್ರಸಂಗವೇ ಇರುವುದಿಲ್ಲ. ಗಣಿತದ ಪೀರಿಯಡ್ ಹೇಗೋ ಇದೂ ಹಾಗೆ.

ಪರೀಕ್ಷೆಯ ದಿನ ವಿಶೇಷ ಎಚ್ಚರ ಬೇಕು. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ, ಬರವಣಿಗೆಗೆ ತೊಡಕಿರುವ ವಿದ್ಯಾರ್ಥಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು. ಎಂದರೆ 3 ಗಂಟೆಯ ಪರೀಕ್ಷೆಗೆ ಇನ್ನೂ 1 ಗಂಟೆ. ಇದು ಒಳ್ಳೆಯದೇ. ಆದರೆ ಹುಡುಗ ಒಂದೇ ಸಮನೆ 4 ಗಂಟೆ ಕೂರಬೇಕಾಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟು, ತಲೆನೋವಿನಲ್ಲಿ, ಹೊಟ್ಟೆ ಬಿಗಿಹಿಡಿದು ಬರೆದ ಉತ್ತರಪತ್ರಿಕೆ ಅವನ ಜಾಣತನವನ್ನು ತೋರಿಸೀತೇ? ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆಯೇ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಕೇಂದ್ರಕ್ಕೆ ಈ ವಿಷಯ ತಿಳಿಸಿ, ನಡುವೆ ಬಿಡುವು ಮತ್ತು ಸಹಾಯಕರಿಗೆ ಅನುಮತಿ ಕೇಳುವುದು ಜಾಣತನ.

ವಿದ್ಯಾರ್ಥಿ ಮಿತ್ರರಿಗೆ

ನಿಮ್ಮ ತರಗತಿಯಲ್ಲಿ ಇಂಥ ಗೆಳೆಯನೊಬ್ಬ ಇದ್ದರೆ ಅವನಿಗೆ ಮರುಕ ಬೇಕಿಲ್ಲ, ಸಹಾಯ ಬೇಕು. ಅವನು ಹೊರಗೆ ಹೋದಾಗ ತಿರುಗಿ ನೋಡಬೇಡಿ. ಬಂದಾಗ ಮೂಗು ಮುಚ್ಚಿಕೊಂಡು ನಗಬೇಡಿ. ತಪ್ಪಿಹೋದ ನೋಟ್ಸ್ ಬರೆದುಕೊಡಿ. ಅವನನ್ನು ಎತ್ತುವ ಸಾಹಸ ಮಾತ್ರ ನಿಮ್ಮದಲ್ಲ. ಸರಿಯಾಗಿ ಹಿಡಿಯಲು ಗೊತ್ತಿಲ್ಲದಿದ್ದರೆ ಭುಜ ಜಾರಿ ಅವನಿಗೆ ಪೆಟ್ಟಾದೀತು. ಅದಕ್ಕೆ ದೊಡ್ಡವರನ್ನು ಕರೆಯಿರಿ.

ನೀವೇ ಆ ಗಾಲಿಕುರ್ಚಿಯಲ್ಲಿ ಕುಳಿತವರಾದರೆ ಒಂದು ವಿಷಯ ನೆನಪಿರಲಿ. ಬಾಯಾರಿಕೆಯಾದಾಗ ನೀರು ಕುಡಿಯುವುದು, ಬಂದಾಗ ಮೂತ್ರಕ್ಕೆ ಹೋಗುವುದು ನಾಚಿಕೆಯ ಕೆಲಸವಲ್ಲ. ಇನ್ನೊಬ್ಬರಿಗೆ ತೊಂದರೆ ಕೊಟ್ಟಂತೆಯೂ ಅಲ್ಲ. ಅಮ್ಮನಿಗೆ ಹೇಳಲು ಸಂಕೋಚವಾದರೆ ಅಪ್ಪನಿಗೆ ಹೇಳಿ, ಅಪ್ಪನಿಗೆ ಆಗದಿದ್ದರೆ ವೈದ್ಯರಿಗೆ ಒಂದು ಚೀಟಿ ಬರೆದುಕೊಡಿ. ಅವರು ಇಂಥದ್ದನ್ನು ಎಷ್ಟೋ ಸಲ ಕೇಳಿರುತ್ತಾರೆ.

ಸ್ನಾಯುಕ್ಷಯವನ್ನು ಪೂರ್ತಿಯಾಗಿ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಸಂಶೋಧನೆ ನಡೆಯುತ್ತಿದೆ. ಆದರೆ ಕಲ್ಲು, ಸೋಂಕು, ಮಲಬದ್ಧತೆ, ಒದ್ದೆಯಾದ ಹಾಸಿಗೆಯ ಅವಮಾನ, ಶಾಲೆ ಬಿಡಬೇಕಾದ ಸಂಕಟ - ಇವುಗಳಲ್ಲಿ ಬಹುಪಾಲನ್ನು ತಡೆಯಲು ಯಾವ ಸಂಶೋಧನೆಗೂ ಕಾಯಬೇಕಿಲ್ಲ. ಅದಕ್ಕೆ ಬೇಕಾದದ್ದು ಸಾಕಷ್ಟು ನೀರು, ಹೊತ್ತಿಗೆ ಸರಿಯಾಗಿ ಒಂದು ಬಿಡುವು, ಗಾಲಿಕುರ್ಚಿ ಹಿಡಿಸುವ ಒಂದು ಬಾಗಿಲು ಮತ್ತು ಮುಜುಗರವಿಲ್ಲದೆ ಕೇಳುವ ಒಬ್ಬ ಹಿರಿಯರು.